ಮೂಳೆ ಕೂಡಿತು, ಕಾಲು ಸೊರಗಿತು

ಹತ್ತು ದಿನ ಹಾಸಿಗೆ ಹಿಡಿದರೆ ಸಾಕು, ಹಿರಿಯರ ಕಾಲುಗಳಿಂದ ಸುಮಾರು ಒಂದು ಕಿಲೋ ಸ್ನಾಯು ಕರಗಿಹೋಗುತ್ತದೆ. ತೊಂಬತ್ತರ ವಯಸ್ಸಿನಲ್ಲೂ ಭಾರ ಎತ್ತಿದರೆ ಕಳೆದುಹೋದ ಶಕ್ತಿ ಮರಳುತ್ತದೆ. ‘ನೀವು ಸುಮ್ನೆ ಕೂತ್ಕೊಳ್ಳಿ, ನಾವು ಮಾಡ್ತೀವಿ’ ಎನ್ನುವ ಮನೆಮಂದಿ ತಿಳಿಯಲೇಬೇಕಾದ ಸಂಗತಿಗಳಿವು.

ಮೂಳೆ ವಿಭಾಗದ ಕೋಣೆಯಲ್ಲಿ ಪುಟ್ಟ ಗರಗಸ ಗುಂಯ್‌ಗುಟ್ಟಿತು. ಹಾರಿದ ಬಿಳಿ ಪುಡಿ ಕಾಂಪೌಂಡರ್‌ನ ಮೊಣಕೈವರೆಗೂ ಕೂತಿತು. ಪ್ಲಾಸ್ಟರನ್ನು ಎರಡು ಹೋಳು ಮಾಡಿ, ಒಳಗಿನ ಹತ್ತಿಪಟ್ಟಿಯನ್ನು ಕತ್ತರಿಸಿ ಬಿಡಿಸಿದಾಗ ಎಪ್ಪತ್ತರ ಆಸುಪಾಸಿನ ಅಜ್ಜಿ ತಮ್ಮ ಬಲಗಾಲನ್ನೇ ದಿಟ್ಟಿಸಿದರು. ಚರ್ಮ ಬೂದುಬಣ್ಣಕ್ಕೆ ತಿರುಗಿ ಹೊಟ್ಟು ಏಳುತ್ತಿತ್ತು. ಮೀನಖಂಡ ಇರಬೇಕಾದಲ್ಲಿ ಸಡಿಲವಾದ ಚರ್ಮ ಜೋಲುತ್ತಿತ್ತು. ಪಕ್ಕದ ಎಡಗಾಲು ಮಾತ್ರ ಮೊದಲಿನ ಹಾಗೇ ತುಂಬಿಕೊಂಡಿತ್ತು.

“ಇದು ನನ್ ಕಾಲೇನಪ್ಪಾ?”

“ಮೂಳೆ ಚೆನ್ನಾಗಿ ಕೂಡ್ಕೊಂಡಿದೆ ಅಜ್ಜಿ. ಇನ್ನು ನಡೀಬೇಕು” ಎಂದರು ಡಾಕ್ಟರು.

ಸೊಸೆ ಮುಂದೆ ಬಂದರು. “ಆರು ವಾರದಿಂದ ಅತ್ತೇನ ಕೆಳಗಿಳಿಯೋಕೇ ಬಿಟ್ಟಿಲ್ಲ ಡಾಕ್ಟ್ರೇ. ಊಟ, ನೀರು, ಔಷಧಿ ಎಲ್ಲಾ ಮಂಚಕ್ಕೇ ತಂದುಕೊಟ್ಟಿದೀವಿ.” ಆ ದನಿಯಲ್ಲಿ ದಣಿವಿತ್ತು, ಅಕ್ಕರೆಯೂ ಇತ್ತು. ಡಾಕ್ಟರು ಏನೂ ಹೇಳದೆ ಟೇಪು ತೆಗೆದು ಎರಡೂ ಮೀನಖಂಡಗಳ ಸುತ್ತಳತೆ ಬರೆದುಕೊಂಡರು.

ಮುರಿದ ಮೂಳೆಗೆ ವಿಶ್ರಾಂತಿ ಬೇಕೇ ಬೇಕು. ಆದರೆ ಆ ವಿಶ್ರಾಂತಿಯನ್ನು ಇಡೀ ದೇಹಕ್ಕೆ ಹೊದಿಸಿಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ. ಅಕ್ಟೋಬರ್ 1 ಅಂತರರಾಷ್ಟ್ರೀಯ ಹಿರಿಯ ನಾಗರಿಕರ ದಿನ. ಅದರ ಆಸುಪಾಸಿನಲ್ಲಿ ಕಣ್ಣು, ಬಿಪಿ, ಸಕ್ಕರೆ ತಪಾಸಣೆಯ ಶಿಬಿರಗಳು ನಡೆಯುತ್ತವೆ. ತೊಡೆಯಲ್ಲಿ ಎಷ್ಟು ಕಸುವಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹಿರಿಯರು ಯಾರ ನೆರವೂ ಇಲ್ಲದೆ ಬಚ್ಚಲಿಗೆ ಹೋಗಿ ಬರಬಲ್ಲರೇ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅದೇ ಕಸುವು.

ಐದು ದಿನ ಸಾಕು

ಸ್ನಾಯು ಕರಗುವುದು ವಯಸ್ಸಾದವರಲ್ಲಿ ಮಾತ್ರ, ಅದೂ ನಿಧಾನವಾಗಿ ಎಂದುಕೊಂಡಿದ್ದರೆ ನೆದರ್‌ಲೆಂಡ್ಸ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬೇಕು. ಅವರು ಆರೋಗ್ಯವಂತ ಯುವಕರ ಒಂದು ಕಾಲಿಗೆ ಪ್ಲಾಸ್ಟರ್ ಹಾಕಿಸಿದರು. ಐದೇ ದಿನದಲ್ಲಿ ತೊಡೆಯ ಮುಂಭಾಗದ ಸ್ನಾಯು ಶೇ 3.5ರಷ್ಟು, ಅದರ ಶಕ್ತಿ ಶೇ 9ರಷ್ಟು ಕುಗ್ಗಿತು. ಹದಿನಾಲ್ಕು ದಿನ ಕಳೆದವರಲ್ಲಿ ಶಕ್ತಿ ಶೇ 23ರಷ್ಟು ಇಳಿದಿತ್ತು.

ಹಿರಿಯರ ಸ್ಥಿತಿ ಇನ್ನೂ ಕಠಿಣ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ 67 ವರ್ಷದ, ಯಾವ ಕಾಯಿಲೆಯೂ ಇಲ್ಲದ ಹನ್ನೆರಡು ಮಂದಿ ಹತ್ತು ದಿನ ಹಾಸಿಗೆಯಲ್ಲೇ ಉಳಿದರು. ಊಟಕ್ಕೆ ಕೊರತೆ ಇರಲಿಲ್ಲ. ಆದರೂ ಕಾಲುಗಳಿಂದ ಸುಮಾರು ಒಂದು ಕಿಲೋ ಸ್ನಾಯು ಹೋಯಿತು, ಕಾಲಿನ ಶಕ್ತಿ ಶೇ 16ರಷ್ಟು ಇಳಿಯಿತು. ನ್ಯುಮೋನಿಯಾ ಬಂದೋ, ಸೊಂಟದ ಆಪರೇಷನ್ ಆಗಿಯೋ ಮಲಗಿದವರಿಗೆ ಜ್ವರ, ಸೋಂಕು, ಊಟ ಸೇರದಿರುವುದು ಎಲ್ಲವೂ ಒಟ್ಟಿಗೇ ಬರುತ್ತವೆ. ಅವರ ಸ್ನಾಯು ಇನ್ನೂ ಬೇಗ ಸವೆಯುತ್ತದೆ.

ಬಾಹ್ಯಾಕಾಶ ವಿಜ್ಞಾನಿಗಳಿಗೆ ಇದು ಹಳೆಯ ತಲೆನೋವು. ಭಾರವೇ ಇಲ್ಲದ ಕಡೆ ಕಾಲುಗಳಿಗೆ ಕೆಲಸವಿಲ್ಲ. ಆ ಪರಿಣಾಮವನ್ನು ಭೂಮಿಯ ಮೇಲೆಯೇ ಅರಿಯಲು ಅವರು ಕಂಡುಕೊಂಡ ದಾರಿ ಹಾಸಿಗೆ. ಜರ್ಮನಿಯ ಕಲೋನ್ ನಗರದ ಸಂಶೋಧನಾ ಕೇಂದ್ರದಲ್ಲಿ 2019ರಲ್ಲಿ ಸ್ವಯಂಸೇವಕರನ್ನು ತಲೆಯ ಕಡೆ 6 ಡಿಗ್ರಿ ತಗ್ಗಿಸಿದ ಮಂಚಗಳ ಮೇಲೆ 60 ದಿನ ಮಲಗಿಸಿದ್ದರು. ಊಟ, ಸ್ನಾನ, ಶೌಚ ಎಲ್ಲವೂ ಮಲಗಿದಲ್ಲೇ. ಮಂಚ ಹಿಡಿದ ನಮ್ಮ ಮನೆಯ ಹಿರಿಯರ ಕಾಲುಗಳಿಗೂ ಗಗನಯಾತ್ರಿಯ ಕಾಲುಗಳಿಗೂ ಒದಗುವ ಸ್ಥಿತಿ ಹೆಚ್ಚುಕಡಿಮೆ ಒಂದೇ.

2025ರ ಜೂನ್–ಜುಲೈನಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅವರು ಕೈಗೊಂಡ ಪ್ರಯೋಗಗಳಲ್ಲಿ ಒಂದು ಬೆಂಗಳೂರಿನದು. ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ್ದ ಈ ಪ್ರಯೋಗದ ವಸ್ತು, ಭಾರವಿಲ್ಲದ ಸ್ಥಿತಿಯಲ್ಲಿ ಸ್ನಾಯು ಕೋಶಗಳು ಮತ್ತೆ ಬೆಳೆಯುವ ಬಗೆ ಮತ್ತು ಅದಕ್ಕೆ ಪೂರಕಗಳು ನೆರವಾಗುತ್ತವೆಯೇ ಎಂಬುದು. ನಿಲ್ದಾಣದ ಯಾತ್ರಿಗಳು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುತ್ತಾರೆ. ಅಷ್ಟು ಮಾಡಿಯೂ ಸ್ನಾಯುವನ್ನು ಪೂರ್ತಿ ಉಳಿಸಿಕೊಳ್ಳುವುದು ಕಷ್ಟ.

> ಕರಡಿಯ ಗುಟ್ಟು
>
> ಅಮೆರಿಕದ ಕಪ್ಪು ಕರಡಿ ಚಳಿಗಾಲವಿಡೀ ಗುಹೆಯಲ್ಲಿ ಮಲಗುತ್ತದೆ. ಅನ್ನವಿಲ್ಲ, ಓಡಾಟವಿಲ್ಲ. 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 130 ದಿನಗಳ ನಿದ್ದೆಯಲ್ಲಿ ಅದು ಕಳೆದುಕೊಳ್ಳುವ ಸ್ನಾಯುಶಕ್ತಿ ಶೇ 23 ಮಾತ್ರ. ಪ್ಲಾಸ್ಟರ್ ಹಾಕಿಸಿಕೊಂಡ ಯುವಕರು ಹದಿನಾಲ್ಕೇ ದಿನದಲ್ಲಿ ಅಷ್ಟನ್ನು ಕಳೆದುಕೊಂಡಿದ್ದರು.

ಸ್ನಾಯುವಿನ ಒಳಗೆ

ದೇಹದ ತೂಕದಲ್ಲಿ ಸುಮಾರು ಶೇ 40 ಭಾಗ ಎಲುಬಿಗೆ ಅಂಟಿದ ಸ್ನಾಯುಗಳದ್ದೇ. ಆರು ನೂರಕ್ಕೂ ಹೆಚ್ಚು ಸ್ನಾಯುಗಳು, ಒಂದೊಂದರಲ್ಲೂ ಕೂದಲೆಳೆಯಂಥ ಸಾವಿರಾರು ನಾರುಗಳು. ನಾರಿನೊಳಗೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಪ್ರೋಟೀನ್ ಎಳೆಗಳು ಒಂದರ ಮಗ್ಗುಲಲ್ಲಿ ಒಂದು ಇರುತ್ತವೆ. ಬಾವಿಯಿಂದ ನೀರು ಸೇದುವಾಗ ಕೈ ಹಗ್ಗ ಹಿಡಿದು, ಎಳೆದು, ಬಿಟ್ಟು, ಮತ್ತೆ ಮುಂದಕ್ಕೆ ಹಿಡಿಯುವ ಹಾಗೆ ಮಯೋಸಿನ್‌ನ ತುದಿಗಳು ಆಕ್ಟಿನ್ ಎಳೆಯನ್ನು ಸೇದುತ್ತವೆ. ಎಳೆಗಳು ಸರಿದು ನಾರು ಮೋಟಾಗುತ್ತದೆ, ಮೊಣಕಾಲು ಮಡಚುತ್ತದೆ. ಈ ಸರಿದಾಟವನ್ನು 1954ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡುಹಿಡಿದವು. ಎರಡರಲ್ಲೂ ಹಕ್ಸ್‌ಲಿ ಎಂಬ ಹೆಸರಿನವರಿದ್ದರು, ಆಂಡ್ರ್ಯೂ ಮತ್ತು ಹ್ಯೂ. ಇಬ್ಬರ ನಡುವೆ ನಂಟಿರಲಿಲ್ಲ.

ಈ ಎಳೆಗಳು ಒಮ್ಮೆ ಕಟ್ಟಿ ಮುಗಿಸಿದಂಥವಲ್ಲ. ದಿನವೂ ಸ್ನಾಯುವಿನ ಪ್ರೋಟೀನಿನಲ್ಲಿ ಶೇ 1ರಿಂದ 2ರಷ್ಟು ಒಡೆದು, ಅಷ್ಟೇ ಹೊಸದಾಗಿ ಕೂಡುತ್ತದೆ. ಒಡೆಯುವುದೂ ಕೂಡುವುದೂ ಸಮನಾಗಿರುವ ತನಕ ತೊಡೆ ಇದ್ದ ಹಾಗೇ ಇರುತ್ತದೆ.

ಭಾರ ಬಿದ್ದಾಗ ನಾರುಗಳು ಆ ಸೆಳೆತವನ್ನು ಗ್ರಹಿಸುತ್ತವೆ. ‘ಎಂಟಾರ್’ ಎಂಬ ರಾಸಾಯನಿಕ ಸರಣಿ ಚುರುಕಾಗಿ ಹೊಸ ಪ್ರೋಟೀನ್ ಕಟ್ಟುವ ಕೆಲಸ ಶುರುವಾಗುತ್ತದೆ. ಒಂದು ಸಲದ ಕಸರತ್ತಿನ ಪರಿಣಾಮ 24ರಿಂದ 48 ಗಂಟೆ ಉಳಿಯುತ್ತದೆ. ನಾರುಗಳ ಸಂಖ್ಯೆ ಹೆಚ್ಚುವುದಿಲ್ಲ, ಇದ್ದವೇ ದಪ್ಪವಾಗುತ್ತವೆ. ಗಾಯವಾದಾಗ ರಿಪೇರಿಗೆ ಬರುವ ಕೋಶಗಳು ನಾರಿನ ಅಂಚಿಗೇ ಅಂಟಿಕೊಂಡಿರುತ್ತವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವಿನಲ್ಲಿ ಇವನ್ನು ಮೊದಲು ಕಂಡು ‘ಸ್ಯಾಟಲೈಟ್ ಕೋಶ’ ಎಂದು ಕರೆದರು.

ಭಾರ ಬೀಳುವುದು ನಿಂತರೆ ಕಟ್ಟುವ ಕೆಲಸ ಮೊದಲು ಮಂದವಾಗುತ್ತದೆ. ಒಡೆಯುವುದು ನಡೆದೇ ಇರುತ್ತದೆ.

ಕಸರತ್ತು ಮಾಡಿದ ಮಾರನೆಯ ದಿನ ಮೈಯೆಲ್ಲ ನೋಯುತ್ತದಲ್ಲ, ಅದಕ್ಕೆ ಲ್ಯಾಕ್ಟಿಕ್ ಆಮ್ಲವನ್ನು ದೂರುವ ಅಭ್ಯಾಸ ಇನ್ನೂ ಹೋಗಿಲ್ಲ. ಆ ಆಮ್ಲ ಒಂದೆರಡು ಗಂಟೆಯೊಳಗೇ ರಕ್ತದಿಂದ ಇಳಿದುಹೋಗಿರುತ್ತದೆ. ನೋವಿನ ಮೂಲ ನಾರುಗಳಿಗೆ ಆದ ಸಣ್ಣ ಸಣ್ಣ ಗಾಯ. ಮೆಟ್ಟಿಲು ಇಳಿಯುವಾಗ, ಭಾರವನ್ನು ಮೆಲ್ಲಗೆ ಕೆಳಗಿಡುವಾಗ ಇಂಥ ಗಾಯ ಹೆಚ್ಚು. ಒಂದೆರಡು ದಿನ ಕಾಡಿ ಹೋಗುವ ಈ ನೋವಿಗೆ ಹೆದರಿ ಹಿರಿಯರು ಎರಡನೇ ದಿನವೇ ವ್ಯಾಯಾಮ ಬಿಡುವುದುಂಟು. ಮುಂದಿನ ವಾರ ಅದೇ ಭಾರಕ್ಕೆ ಅಷ್ಟು ನೋವಾಗದು ಎಂದು ಅವರಿಗೆ ಮೊದಲೇ ಹೇಳಬೇಕು.

ನರ ಮೊದಲು, ಮೈ ಆಮೇಲೆ

ದಸರೆ ಹತ್ತಿರವಾದಂತೆ ಮೈಸೂರಿನ ಗರಡಿಗಳಲ್ಲಿ ಸಾಮು ಜೋರಾಗುತ್ತದೆ. ಕುಸ್ತಿಗೆ ಜೋಡಿ ಕಟ್ಟುವ ದಿನ ಬರುವ ಹೊತ್ತಿಗೆ ಮೈ ತಯಾರಿರಬೇಕು. ದಂಡ, ಬಸ್ಕಿ, ಗದೆ ತಿರುಗಿಸುವುದು, ಆಮೇಲೆ ಕೆಮ್ಮಣ್ಣಿನ ಅಖಾಡ. ಹೊಸದಾಗಿ ಸೇರಿದ ಹುಡುಗನನ್ನು ಗಮನಿಸಿ. ಮೊದಲ ದಿನ ಇಪ್ಪತ್ತು ಬಸ್ಕಿಗೇ ತೊಡೆ ನಡುಗಿದವನು ಮೂರು ವಾರದಲ್ಲಿ ಅದರ ಎರಡು ಪಟ್ಟು ಹೊಡೆಯುತ್ತಾನೆ. ತೊಡೆ ಅಳೆದರೆ ದಪ್ಪ ಆಗಿರುವುದಿಲ್ಲ.

1979ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು ಇದಕ್ಕೆ ಕಾರಣ ತೋರಿಸಿದರು. ಮೊದಲ ವಾರಗಳಲ್ಲಿ ಹೆಚ್ಚುವ ಶಕ್ತಿ ಬಹುಪಾಲು ನರಗಳದ್ದು. ಸುಮ್ಮನೆ ಕೂತಿದ್ದ ನಾರುಗಳನ್ನೂ ಒಟ್ಟಿಗೆ ಕೆಲಸಕ್ಕೆ ಕರೆಯಲು ಮಿದುಳು ಕಲಿಯುತ್ತದೆ. ಸ್ನಾಯು ದಪ್ಪವಾಗುವುದು ಆಮೇಲಿನ ಮಾತು.

ವಯಸ್ಸಾದಂತೆ ಸೋಲುವುದೂ ನರ-ಸ್ನಾಯುಗಳ ಈ ಜೋಡಿಯೇ. ಬೆನ್ನುಹುರಿಯಿಂದ ಸ್ನಾಯುವಿಗೆ ಬರುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಹೆಚ್ಚು ಪೆಟ್ಟು ಬೀಳುವುದು ವೇಗದ ನಾರುಗಳಿಗೆ. ಎಡವಿದಾಗ ಥಟ್ಟನೆ ಕಾಲು ಮುಂದಿಟ್ಟು ಬೀಳದಂತೆ ಉಳಿಸುವುದು ಆ ನಾರುಗಳೇ. ವಯಸ್ಸಿನಿಂದಾಗುವ ಈ ಸವೆತಕ್ಕೆ 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ‘ಸಾರ್ಕೊಪೀನಿಯಾ’ ಎಂದು ಹೆಸರಿಟ್ಟರು.

> ‘ಶಾಂತಲಾ’ ಬರೆದ ಪೈಲ್ವಾನ
>
> ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಕಬ್ಬಿಣದ ಭಾರದ ಜೊತೆಗೆ ಸೂರ್ಯನಮಸ್ಕಾರವನ್ನೂ ಹೇಳಿಕೊಟ್ಟರು. ಗರಡಿಗೆ ಬರಲಾಗದವರಿಗೆ ಅಂಚೆಯ ಮೂಲಕ ಪಾಠ ಕಳಿಸಿದರು.

ತೊಂಬತ್ತರಲ್ಲಿ ಭಾರ ಎತ್ತಿದವರು

ಬಾಸ್ಟನ್ ನಗರದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ನಡೆಸಿದ ಪ್ರಯೋಗ 1990ರಲ್ಲಿ ಪ್ರಕಟವಾಯಿತು. ಈ ವಿಷಯದಲ್ಲಿ ನನ್ನ ಮನಸ್ಸಿಗೆ ಅತಿ ಹೆಚ್ಚು ತಟ್ಟಿದ್ದು ಇದೇ. ಆಕೆ ಆರಿಸಿಕೊಂಡಿದ್ದು ಹತ್ತು ಮಂದಿಯನ್ನು. ಸರಾಸರಿ ವಯಸ್ಸು 90. ಒಬ್ಬೊಬ್ಬರಿಗೂ ಹಲವು ಕಾಯಿಲೆ. ಕೋಲಿಲ್ಲದೆ ನಡೆಯಲಾರದವರು, ಕೈಯೂರದೆ ಕುರ್ಚಿಯಿಂದ ಏಳಲಾರದವರು ಅವರಲ್ಲಿದ್ದರು. ಅಂಥವರಿಗೆ ಹಗುರವಾದ ಕೈಕಾಲು ಆಡಿಸುವಿಕೆ ಹೇಳಿಕೊಡುವುದು ವಾಡಿಕೆ. ಫಿಯಾಟರೋನ್ ಹಾಗೆ ಮಾಡಲಿಲ್ಲ. ಪ್ರತಿಯೊಬ್ಬರೂ ಕಾಲಿನಿಂದ ಒಮ್ಮೆ ಎತ್ತಬಲ್ಲ ಗರಿಷ್ಠ ಭಾರವನ್ನು ಅಳೆದು, ಅದರ ಶೇ 80ರಷ್ಟನ್ನು ಕೊಟ್ಟರು. ಎಂಟೆಂಟು ಸಲ ಮೂರು ಸುತ್ತು, ವಾರಕ್ಕೆ ಮೂರು ದಿನ. ಶಕ್ತಿ ಹೆಚ್ಚಿದಂತೆ ಭಾರವೂ ಹೆಚ್ಚಿತು.

ಎಂಟು ವಾರದ ಕೊನೆಗೆ ತೊಡೆಯ ಶಕ್ತಿ ಸರಾಸರಿ ಶೇ 174ರಷ್ಟು ಏರಿತ್ತು, ಅಂದರೆ ಮೊದಲಿದ್ದುದರ ಎರಡೂವರೆ ಪಟ್ಟಿಗೂ ಹೆಚ್ಚು. ಸ್ನಾಯುವಿನ ಗಾತ್ರ ಬೆಳೆದಿದ್ದು ಶೇ 9ರಷ್ಟು. ಉಳಿದದ್ದು ಗರಡಿಯ ಹುಡುಗನಲ್ಲಿ ಆದಂತೆಯೇ ನರಗಳ ಕಲಿಕೆ. ತೊಂಬತ್ತರ ನರವೂ ಕಲಿಯುತ್ತದೆ! ಇಬ್ಬರು ಕೋಲು ಬಿಟ್ಟು ನಡೆದರು.

ನಾಲ್ಕು ವರ್ಷದ ನಂತರ, 1994ರಲ್ಲಿ, ಅದೇ ವೈದ್ಯೆ ನೂರು ಜನರ ನೆರವಿನಿಂದ ಇನ್ನೊಂದು ಪ್ರಶ್ನೆಗೆ ಉತ್ತರ ಹುಡುಕಿದರು. ಸ್ನಾಯುವಿಗೆ ಬೇಕಿರುವುದು ಆಹಾರವೋ ವ್ಯಾಯಾಮವೋ? ಕೆಲವರಿಗೆ ಪೌಷ್ಟಿಕ ಪಾನೀಯ ಮಾತ್ರ, ಕೆಲವರಿಗೆ ಭಾರ ಮಾತ್ರ, ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ಎರಡೂ ಇಲ್ಲ. ಹತ್ತು ವಾರ ಕಳೆದಾಗ ಭಾರ ಎತ್ತಿದವರ ಶಕ್ತಿ ಶೇ 113ರಷ್ಟು ಹೆಚ್ಚಿತ್ತು, ಎತ್ತದವರದ್ದು ಶೇ 3. ಮೆಟ್ಟಿಲು ಹತ್ತುವ ಶಕ್ತಿಯೂ ಏರಿತ್ತು. ಪಾನೀಯ ಮಾತ್ರ ಕುಡಿದವರ ಸ್ನಾಯುವಿಗೆ ಏನೂ ದಕ್ಕಲಿಲ್ಲ.

ಡಬ್ಬಿಗಟ್ಟಲೆ ಪ್ರೋಟೀನ್ ಪುಡಿ ತಂದು ಅಪ್ಪ-ಅಮ್ಮನಿಗೆ ಕಲಸಿ ಕೊಡುತ್ತಿರುವ ಎಲ್ಲ ಮಕ್ಕಳಿಗೂ ಈ ಸಂಗತಿ ತಲುಪಬೇಕು.

> ಆ ಕಾಲಿಗೆ ಈ ಕಾಲಿನ ನೆರವು
>
> ಒಂದು ಕೈಗೆ ತರಬೇತಿ ಕೊಟ್ಟರೆ ಇನ್ನೊಂದು ಕೈಯ ಶಕ್ತಿಯೂ ಸ್ವಲ್ಪ ಹೆಚ್ಚುತ್ತದೆ ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಇ.ಡಬ್ಲ್ಯೂ. ಸ್ಕ್ರಿಪ್ಚರ್ 1894ರಲ್ಲೇ ತೋರಿಸಿದ್ದರು. ಕಾರಣ ನರಮಂಡಲ. ಒಂದು ಕೈಯೋ ಕಾಲೋ ಪ್ಲಾಸ್ಟರಿನಲ್ಲಿದ್ದಾಗ ಇನ್ನೊಂದಕ್ಕೆ ಭಾರ ಕೊಟ್ಟರೆ ಕಟ್ಟಿಹಾಕಿದ ಕಡೆ ಶಕ್ತಿ ಕುಗ್ಗುವುದು ಕಡಿಮೆಯಾಗುತ್ತದೆ.

ತಿಳಿಸಾರಿನ ಲೆಕ್ಕ

ಹಾಗೆಂದು ಊಟದ ಮಾತು ಬಿಡುವಂತಿಲ್ಲ. ಇಟ್ಟಿಗೆಯಿಲ್ಲದೆ ಗೋಡೆ ಏಳದು, ಪ್ರೋಟೀನಿಲ್ಲದೆ ಸ್ನಾಯು ಬೆಳೆಯದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಹಿರಿಯರಿಗೆ 1ರಿಂದ 1.2 ಗ್ರಾಂ ಒಳ್ಳೆಯದು ಎನ್ನುತ್ತವೆ ವೃದ್ಧಾಪ್ಯದ ಪೋಷಣೆಯನ್ನು ಅಧ್ಯಯನ ಮಾಡಿದ ತಜ್ಞರ ಗುಂಪುಗಳು. 60 ಕಿಲೋ ತೂಗುವವರಿಗೆ 60ರಿಂದ 72 ಗ್ರಾಂ. ಮೂತ್ರಪಿಂಡದ ಕಾಯಿಲೆ ಇದ್ದವರ ಲೆಕ್ಕ ಬೇರೆ, ಅವರು ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ನಮ್ಮ ಹಿರಿಯರ ತಟ್ಟೆ ನೋಡೋಣ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ‘ಹೊಟ್ಟೆ ಹಗುರ ಇರಲಿ’ ಎಂದು ಗಂಜಿ. ದಿನಕ್ಕೆ 200 ಗ್ರಾಂ ಅಕ್ಕಿ-ರವೆಯಿಂದ ಸಿಗುವುದು ಸುಮಾರು 15 ಗ್ರಾಂ ಪ್ರೋಟೀನ್. ತಿಳಿಸಾರಿನಲ್ಲಿ ಒಬ್ಬರ ಪಾಲಿಗೆ 25 ಗ್ರಾಂ ಬೇಳೆ ಬಿದ್ದರೂ ಐದಾರು ಗ್ರಾಂ. ಎರಡು ಲೋಟ ಹಾಲು-ಮೊಸರು ಸೇರಿಸಿದರೆ ಇನ್ನೊಂದು ಹನ್ನೆರಡು. ಇಷ್ಟಾದರೂ ಬೇಕಾದುದರ ಅರ್ಧದ ಆಸುಪಾಸಿಗೇ ನಿಲ್ಲುತ್ತದೆ. ಹಲ್ಲಿಲ್ಲದವರ, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಬಡಿಸಿಕೊಳ್ಳುವ ಅಮ್ಮಂದಿರ ತಟ್ಟೆಯಲ್ಲಿ ಅದೂ ಇರುವುದಿಲ್ಲ.

ಕೊರತೆ ತುಂಬಲು ಹೊರಗಿನಿಂದ ಏನೂ ತರಬೇಕಿಲ್ಲ. 50 ಗ್ರಾಂ ಹುರುಳಿಯಲ್ಲಿ 11 ಗ್ರಾಂ ಪ್ರೋಟೀನಿದೆ. ಮುದ್ದೆಗೆ ಗಟ್ಟಿ ಹುರುಳಿ ಸಾರು ಹಾಕಿಕೊಂಡಾಗ ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಹುರುಳಿಯಿಂದ ಬರುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ಹಿಡಿ ಕಡಲೆಬೀಜದಲ್ಲಿ 7 ಗ್ರಾಂ, ಅಗಿಯಲಾಗದವರಿಗೆ ಅದನ್ನೇ ಹುರಿದು ಚಟ್ನಿಪುಡಿ ಮಾಡಬಹುದು. ಮೀನು, ಕೋಳಿ ತಿನ್ನುವ ಮನೆಗಳಲ್ಲಿ ವಯಸ್ಸಾದವರಿಗೆ ಬರೀ ರಸ ಬಡಿಸದೆ ತುಂಡು ಬಿಡಿಸಿ ಬಡಿಸಬೇಕು. ಎಲ್ಲವನ್ನೂ ಒಂದೇ ಹೊತ್ತಿಗೆ ತುರುಕದೆ ಬೆಳಗಿನ ತಿಂಡಿಯಿಂದಲೇ ಹಂಚುವುದು ಮೇಲು.

ಇಷ್ಟು ಉಣ್ಣಿಸಿಯೂ ಕೂರಿಸಿಬಿಟ್ಟರೆ? 2013ರ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರು ಎರಡು ವಾರ ನಡಿಗೆಯನ್ನು ದಿನಕ್ಕೆ ಸುಮಾರು 1,400 ಹೆಜ್ಜೆಗೆ ಇಳಿಸಿದರು. ಮಲಗಿರಲಿಲ್ಲ, ಮನೆಯೊಳಗೇ ಇದ್ದರು ಅಷ್ಟೆ. ಕಾಲಿನ ಸ್ನಾಯು ಶೇ 4ರಷ್ಟು ಇಳಿಯಿತು. ಊಟದ ನಂತರ ಸ್ನಾಯು ಕಟ್ಟಿಕೊಳ್ಳುವ ಪ್ರಮಾಣ ಶೇ 26ರಷ್ಟು ಕುಸಿಯಿತು. ಉಂಡದ್ದು ರಕ್ತಕ್ಕೆ ಬಂತು, ಸ್ನಾಯು ಅದನ್ನು ಮೊದಲಿನಷ್ಟು ಬಳಸಿಕೊಳ್ಳಲಿಲ್ಲ. ಇನ್ಸುಲಿನ್ನಿಗೆ ಅವರ ದೇಹದ ಸ್ಪಂದನವೂ ಕುಗ್ಗಿತು. ಇನ್ಸುಲಿನ್‌ನ ಆಣತಿಯಂತೆ ರಕ್ತದಿಂದ ಹೀರಲ್ಪಡುವ ಸಕ್ಕರೆಯಲ್ಲಿ ದೊಡ್ಡ ಪಾಲು ಸೇರುವುದು ಸ್ನಾಯುವಿಗೇ. ಮನೆಗೊಬ್ಬರು ಸಕ್ಕರೆ ಕಾಯಿಲೆಯವರಿರುವ ನಮ್ಮಲ್ಲಿ ಇದು ಸಣ್ಣ ಮಾತಲ್ಲ.

ದುಡಿಮೆಯೇ ವ್ಯಾಯಾಮವೇ?

ವ್ಯಾಯಾಮದ ಮಾತು ಬಂದಾಗಲೆಲ್ಲ ಬೀಸುವ ಕಲ್ಲು, ಒರಳು, ಕೊಡ ಹೊತ್ತು ತಂದ ನೀರು ನೆನಪಿಸಿ ‘ಆ ಕಾಲದವರು ಗಟ್ಟಿ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸ್ನಾಯು ಬೆಳೆಯಲು ಭಾರದಷ್ಟೇ ಅಗತ್ಯ ಭಾರದ ನಂತರದ ಊಟ ಮತ್ತು ಬಿಡುವು. ಅರೆಹೊಟ್ಟೆಯಲ್ಲಿ ದಿನವಿಡೀ ಕಳೆ ಕೀಳುವ, ಇಟ್ಟಿಗೆ ಹೊರುವ ಹೆಂಗಸಿನ ದೇಹ ಶಕ್ತಿಗಾಗಿ ತನ್ನ ಸ್ನಾಯುವನ್ನೇ ಒಡೆದು ಬಳಸುತ್ತದೆ. ಅವಳಿಗೆ ಬೇಕಿರುವುದು ಹೊಟ್ಟೆ ತುಂಬ ಊಟ ಮತ್ತು ರಜೆ.

ಹಿಂದಿನವರಿಂದ ಉಳಿಸಿಕೊಳ್ಳಬೇಕಾದದ್ದು ಒಂದಿದೆ, ನೆಲದಲ್ಲಿ ಕೂತು ಏಳುವುದು. ಊಟದ ಮೇಜು, ಎತ್ತರದ ಮಂಚ, ಕಮೋಡು ಬಂದ ಮೇಲೆ ತೊಡೆಗೆ ದಿನಕ್ಕೆ ಹತ್ತಾರು ಸಲ ಬೀಳುತ್ತಿದ್ದ ಭಾರ ತಪ್ಪಿತು. ಕೀಲುನೋವಿನವರಿಗೆ ಅವು ಬೇಕು. ಉಳಿದವರು ನೆಲ ಬಿಡಬಾರದು.

ದಿನಾ ಒಂದು ಗಂಟೆ ಪಾರ್ಕಿನಲ್ಲಿ ನಡೆಯುತ್ತೇನಲ್ಲ ಎಂದು ಹಲವರು ಹೇಳುತ್ತಾರೆ. ಹೃದಯಕ್ಕೆ, ಸಕ್ಕರೆಗೆ ಅದು ಒಳ್ಳೆಯದು, ಬಿಡಬಾರದು. ತೊಡೆಯ ಶಕ್ತಿಗೆ ಅದೊಂದೇ ಸಾಲದು. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೈಯೂರದೆ ಎಂಟು ಸಲ ಎದ್ದು ಕೂರುವುದು ಒಳ್ಳೆಯ ಆರಂಭ. ಕೂರುವಾಗ ಧೊಪ್ಪನೆ ಬೀಳದೆ ನಿಧಾನವಾಗಿ ಇಳಿಯಬೇಕು, ಏಳುವಾಗ ಉಸಿರು ಬಿಗಿಹಿಡಿಯಬಾರದು. ಸಲೀಸಾದ ಮೇಲೆ ಒಂದು ಲೀಟರ್ ನೀರಿನ ಬಾಟಲಿ ಎದೆಗೊತ್ತಿಕೊಂಡು ಏಳುವುದು, ಆಮೇಲೆ ಎರಡು ಬಾಟಲಿ. ಭಾರ ಏರದಿದ್ದರೆ ಸ್ನಾಯು ಅಲ್ಲಿಗೇ ನಿಲ್ಲುತ್ತದೆ. ಬಿಟ್ಟರೆ ಇಳಿಯುತ್ತದೆ ಕೂಡ, ಬಾಸ್ಟನ್ನಿನ ಹಿರಿಯರಲ್ಲಿ ತರಬೇತಿ ನಿಂತ ನಾಲ್ಕೇ ವಾರದಲ್ಲಿ ಶಕ್ತಿ ಶೇ 32ರಷ್ಟು ಕುಸಿದಿತ್ತು.

> ಮನೆಯಲ್ಲೇ ಎರಡು ಅಳತೆ
>
> ಏಷ್ಯಾದ ತಜ್ಞರ ಗುಂಪು 2019ರಲ್ಲಿ ಸೂಚಿಸಿದ್ದು: ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ ಗಂಡಸರಲ್ಲಿ 34 ಸೆಂ.ಮೀ., ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತಪಾಸಣೆ ಬೇಕು. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೂ ಅಷ್ಟೆ.

ಇದೆಲ್ಲ ಹೆಚ್ಚು ಬೇಕಾಗುವುದು ಆಸ್ಪತ್ರೆಯಿಂದ ಮನೆಗೆ ಬರುವ ದಿನ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ‘ವಿಶ್ರಾಂತಿ’ ಎಂದು ಬರೆದಿದ್ದರೆ ಎಷ್ಟು ದಿನ, ದೇಹದ ಯಾವ ಭಾಗಕ್ಕೆ ಎಂದು ಕೇಳಬೇಕು. ಪ್ಲಾಸ್ಟರಿನೊಳಗೇ ತೊಡೆ ಬಿಗಿಹಿಡಿದು ಬಿಡಬಹುದೇ, ಇನ್ನೊಂದು ಕಾಲಿಗೆ ಎಷ್ಟು ಭಾರ ಕೊಡಬಹುದು, ಊರುಗೋಲು ಹಿಡಿದು ಯಾವತ್ತಿನಿಂದ ನಿಲ್ಲಿಸಬಹುದು, ಹತ್ತಿರದಲ್ಲಿ ಫಿಸಿಯೋಥೆರಪಿಸ್ಟ್ ಎಲ್ಲಿ ಸಿಗುತ್ತಾರೆ ಎಂದು ಕೇಳಿ, ಉತ್ತರವನ್ನು ಅದೇ ಚೀಟಿಯಲ್ಲಿ ಬರೆಸಿಕೊಂಡು ಬರಬೇಕು.